ಪೂರ್ವಾನುಮತಿ ಇಲ್ಲದೆ ಗುಣಮುಖ

ಕೇಂದ್ರ ಬಸ್ ನಿಲ್ದಾಣದ ಘೋಷಕಿಗೆ ನೆಗಡಿ ವಾಸಿಯಾಗಿದ್ದು, ಇದರಿಂದ ಸಾರ್ವಜನಿಕರಿಗೆ ಉಂಟಾದ ಅನಾನುಕೂಲಕ್ಕೆ ಸಾರಿಗೆ ಇಲಾಖೆಯು ವಿಷಾದ ವ್ಯಕ್ತಪಡಿಸುತ್ತದೆ. ಈ ಪ್ರಕಟಣೆಯನ್ನು ನಿಲ್ದಾಣದ ಎಲ್ಲ ಕಂಬಗಳಿಗೂ ಅಂಟಿಸಲಾಗಿತ್ತು. ಓದಿದವರು ಯಾರೂ ನಗಲಿಲ್ಲ. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ, ಓದಿದವರೆಲ್ಲ ಬಸ್ಸು ಹತ್ತದೆ ಉಳಿದವರೇ ಆಗಿದ್ದರು.

ಘೋಷಕಿಯ ನೆಗಡಿ ಬಂದುಹೋಗುವ ಜಾತಿಯದಲ್ಲ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಹತ್ತಿಕೊಂಡದ್ದು, ಬಾಡಿಗೆ ಕೊಡದ ಬಿಡಾರದವನ ಹಾಗೆ ಅಲ್ಲೇ ಬೀಡುಬಿಟ್ಟಿತ್ತು. ಮೂಗಿನಲ್ಲಿ ಕಡಿಮೆಯಾದರೆ ಗಂಟಲಿಗೆ, ಗಂಟಲಿನಿಂದ ಎದೆಗೆ, ಎದೆಯಿಂದ ಮತ್ತೆ ಮೂಗಿಗೆ, ಸರ್ಕಾರಿ ನೌಕರನ ವರ್ಗಾವಣೆಯಂತೆ ಸುತ್ತುತ್ತಿತ್ತು. ಅವಳ ಕೊಠಡಿ ನಿಲ್ದಾಣದ ನಡುಮಧ್ಯೆ, ಮೊದಲ ಮಹಡಿಯಲ್ಲಿ, ಸುತ್ತಲೂ ಗಾಜು ಹಾಕಿಸಿಕೊಂಡು ನಿಂತಿತ್ತು. ಬಸ್ಸುಗಳು ಹಿಂದಕ್ಕೆ ಬಂದು ನಿಲ್ಲುವುದು ಅದರ ಕೆಳಗೇ. ಹೊಗೆ ಬೇರೆ ಕಡೆ ಹೋಗಲು ದಾರಿಯಿಲ್ಲದೆ ಮೆಟ್ಟಿಲು ಹತ್ತಿ ಅವಳ ಕೊಠಡಿಗೇ ಬರುತ್ತಿತ್ತು.

ಹೀಗಾಗಿ ಅವಳ ಘೋಷಣೆ ಕೇಳುವವರಿಗೆ ಒಂದು ವಿಶಿಷ್ಟ ರೂಪದಲ್ಲಿ ತಲುಪುತ್ತಿತ್ತು. ‘ಪ್ರಯಾಣಿಕರ ಗಮನಕ್ಕೆ’ ಎಂದು ಅವಳು ಹೇಳಿದರೆ ಧ್ವನಿವರ್ಧಕದಿಂದ ಹೊರಬೀಳುತ್ತಿದ್ದದ್ದು ‘ಪ್ರಯಾಡಿಕರ ಗಬದಕ್ಕೆ’. ನದಿದಂಡೆಗೆ ಹೋಗುವ ಬಸ್ಸು ದದಿದಡ್ಡೆಗೆ ಹೋಗುತ್ತಿತ್ತು, ಮೂರನೇ ಅಂಕಣದ ಬದಲು ಬೂರದೇ ಅಕ್ಕಡದಿಂದ. ಊರಿನ ಮಕ್ಕಳು ಮಾತು ಕಲಿಯುವಾಗಲೇ ಇದನ್ನೂ ಕಲಿತಿದ್ದವು. ಗದ್ದಲದ ನಿಲ್ದಾಣದಲ್ಲಿ ಹಾಡು, ಜಾಹೀರಾತು, ಕಡಲೆಕಾಯಿ ಮಾರುವವನ ಕೂಗು ಎಲ್ಲದರ ನಡುವೆ ಆ ಕಟ್ಟಿದ ಮೂಗಿನ ದನಿಯೊಂದು ಎದ್ದರೆ ಸಾಕು, ತೂಕಡಿಸುತ್ತಿದ್ದವರು ತಟ್ಟನೆ ಎದ್ದು ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ಪ್ರಯಾಣಿಕರು ಅವಳನ್ನು ಪ್ರೀತಿಯಿಂದ ನೆಗಡಕ್ಕ ಎನ್ನುತ್ತಿದ್ದರು. ಅವಳ ನಿಜವಾದ ಹೆಸರು ಸಂಬಳದ ವಿಭಾಗಕ್ಕೆ ಮಾತ್ರ ತಿಳಿದಿತ್ತು.

ಊರಿಗೆಲ್ಲ ಅನುಕೂಲವಾಗಿದ್ದ ಈ ನೆಗಡಿ ನೆಗಡಕ್ಕನಿಗೆ ಒಬ್ಬಳಿಗೇ ಕಷ್ಟವಾಗಿತ್ತು. ಮಲಗಿದರೆ ಎದೆ ಕಟ್ಟುತ್ತಿತ್ತು. ಆದ್ದರಿಂದ ಅವಳು ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ಅವಳ ಉಸಿರಿನ ಸೀಟಿ ಮನೆಯವರಿಗೆಲ್ಲ ಜೋಗುಳವಾಗಿತ್ತು. ಹಬೆ ಹಿಡಿದಳು, ಜೇನು ನೆಕ್ಕಿದಳು, ಕಂಡಕ್ಟರುಗಳು ಹೇಳಿದ್ದನ್ನೂ ಮಾಡಿದಳು, ಕಂಡಕ್ಟರುಗಳ ಹೆಂಡತಿಯರು ಹೇಳಿದ್ದನ್ನೂ ಮಾಡಿದಳು. ನೆಗಡಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅವಳೇ ಸೋತು ಸುಮ್ಮನಾದಳು.

ಇಂಥ ಸಂದರ್ಭದಲ್ಲಿ ಪ್ರಧಾನ ಕಚೇರಿಯಿಂದ ‘ರೋಗನಿರೋಧಕ ಶಕ್ತಿ ಸಂವರ್ಧನಾ ಅಭಿಯಾನ’ದ ಆದೇಶ ಬಂತು. ಕೆಮ್ಮು, ಶೀತ, ಗಂಟಲುನೋವು ಎಂದು ಪದೇ ಪದೇ ರಜೆ ಹಾಕುವ ಸಿಬ್ಬಂದಿಯ ಸಂಖ್ಯೆ ಹೆಚ್ಚಿರುವುದನ್ನು ಪ್ರಧಾನ ಕಚೇರಿಯು ಗಂಭೀರವಾಗಿ ಪರಿಗಣಿಸಿತ್ತು. ಇನ್ನು ಮುಂದೆ ಪ್ರತಿಯೊಬ್ಬ ನೌಕರನೂ ದಿನವೂ ಬೆಳಿಗ್ಗೆ ಹಾಜರಿ ಹಾಕುವ ಮುನ್ನ ಒಂದು ಲೋಟ ಗಿಡಮೂಲಿಕೆ ಕಷಾಯ ಕುಡಿಯತಕ್ಕದ್ದು. ಅಭಿಯಾನದ ಸಂಯೋಜಕರನ್ನಾಗಿ ಟೈರು ವಿಭಾಗದ ಮೇಲ್ವಿಚಾರಕರನ್ನು ನೇಮಿಸಲಾಯಿತು. ಒಳಗಿನ ಒತ್ತಡ ಮತ್ತು ಹೊರಗಿನ ಸವೆತ ಎರಡರಲ್ಲೂ ಅವರಿಗೆ ಅಪಾರ ಅನುಭವವಿತ್ತು.

ಕಷಾಯ ಯಾವುದರಿಂದ ಮಾಡಬೇಕೆಂದು ತೀರ್ಮಾನಿಸಲು ಒಂದು ಸಮಿತಿ ರಚನೆಯಾಯಿತು. ಒಬ್ಬರು ಶುಂಠಿ ಎಂದರು, ಒಬ್ಬರು ಕಾಳುಮೆಣಸು ಎಂದರು. ಅತಿಮಧುರ ಹಾಕದಿದ್ದರೆ ತಮ್ಮ ಅಜ್ಜಿಗೆ ಅವಮಾನವಾಗುತ್ತದೆ ಎಂದು ಒಬ್ಬರು ಹಟ ಹಿಡಿದರು. ಯಾರ ಅಜ್ಜಿಗೂ ಬೇಸರವಾಗಬಾರದೆಂದು ಸಮಿತಿಯು ಎಲ್ಲವನ್ನೂ ಒಪ್ಪಿಕೊಂಡಿತು. ಬಂದ ಬೇರು, ತೊಗಟೆ, ಎಲೆ, ಕಡ್ಡಿಗಳನ್ನು ಕ್ಯಾಂಟೀನಿನ ದೊಡ್ಡ ಪಾತ್ರೆಯಲ್ಲಿ ಒಟ್ಟಿಗೆ ಕುದಿಸಲಾಯಿತು. ಅದರ ಬಣ್ಣ, ಬಳಸಿ ಬಿಟ್ಟ ಎಂಜಿನ್ ಎಣ್ಣೆಯದು. ಕಹಿ ಎಷ್ಟಿತ್ತೆಂದರೆ ಸಮಿತಿಯ ಅಧ್ಯಕ್ಷರು ಒಂದು ಗುಟುಕು ಕುಡಿದು ತಮ್ಮ ಅಧ್ಯಕ್ಷೀಯ ಭಾಷಣವನ್ನು ಸನ್ನೆಯಲ್ಲಿ ಮುಗಿಸಿದರು.

ನೌಕರರು ಕಷಾಯವನ್ನು ನಿಜವಾಗಿ ಕುಡಿದಿದ್ದಾರೆಯೇ ಎಂದು ಪರೀಕ್ಷಿಸುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ರೋಗನಿರೋಧಕ ಶಕ್ತಿಯನ್ನು ಅಳೆಯುವ ಉಪಕರಣ ಟೈರು ವಿಭಾಗದಲ್ಲಿ ಇರಲಿಲ್ಲ. ಸಂಯೋಜಕರು ಯೋಚಿಸಿ, ಕುಡಿದವನ ಮುಖ ನೋಡಿಯೇ ತಿಳಿಯಬಹುದೆಂದು ನಿರ್ಧರಿಸಿದರು. ನಿಯಮ ಹೀಗಿತ್ತು: ನೌಕರನು ಲೋಟ ಖಾಲಿ ಮಾಡಿದ ಕೂಡಲೇ ಸಂಯೋಜಕರ ಮುಂದೆ ನಿಂತು ಮುಖ ಹಿಂಡತಕ್ಕದ್ದು. ಹಿಂಡಿದ ಮುಖವನ್ನು ಸಾಧಾರಣ, ತೃಪ್ತಿಕರ, ಅತ್ಯುತ್ತಮ ಎಂದು ವಿಂಗಡಿಸಲಾಗುವುದು. ಮುಖ ಹಿಂಡದೆ ನಗುತ್ತಾ ಬಂದವರನ್ನು ಹಿಂದಕ್ಕೆ ಕಳಿಸಿ ಇನ್ನೊಂದು ಲೋಟ ಕುಡಿಸಲಾಗುವುದು.

ವಾರದೊಳಗೆ ಇಡೀ ನಿಲ್ದಾಣವೇ ಮುಖ ಹಿಂಡುವುದರಲ್ಲಿ ಪಳಗಿತು. ಕಷಾಯ ಮಾತ್ರ ಸಭಾಂಗಣದ ಮೂಲೆಯಲ್ಲಿದ್ದ ಕುಂಡದ ಗಿಡಕ್ಕೆ ಹೋಗುತ್ತಿತ್ತು. ಚಾಲಕರು, ಕಂಡಕ್ಟರುಗಳು, ಗುಮಾಸ್ತರು ಸಾಲಾಗಿ ಬಂದು ಲೋಟವನ್ನು ಗಿಡದ ಬುಡಕ್ಕೆ ಬಗ್ಗಿಸಿ, ಮುಖ ಕಿವುಚಿಕೊಂಡು, ‘ಅತ್ಯುತ್ತಮ’ ಎನ್ನಿಸಿಕೊಂಡು ಹೋಗುತ್ತಿದ್ದರು. ಸಂಯೋಜಕರಿಗೆ ತಮ್ಮ ಲೋಟವನ್ನು ಬಗ್ಗಿಸಲು ಪುರುಸೊತ್ತಿರಲಿಲ್ಲ, ಆದ್ದರಿಂದ ಅವರು ಅದನ್ನು ತುಂಬಿಸಿಕೊಳ್ಳುತ್ತಲೇ ಇರಲಿಲ್ಲ. ಹಿಂದೆ ಬಡಕಲಾಗಿದ್ದ ಆ ಗಿಡ ಮೊರದಗಲ ಎಲೆ ಬಿಟ್ಟು ಸೂಚನಾ ಫಲಕವನ್ನು ಮುಚ್ಚಿತು.

ನೆಗಡಕ್ಕನಿಗೆ ಮಾತ್ರ ಈ ಸೌಲಭ್ಯ ಸಿಗಲಿಲ್ಲ. ಘೋಷಣೆಯ ಸ್ಥಳ ಬಿಟ್ಟು ಏಳುವಂತಿಲ್ಲವಾದ್ದರಿಂದ ಅವಳ ಲೋಟ ಅವಳ ಕೊಠಡಿಗೇ ಬರುತ್ತಿತ್ತು. ಆ ಕೊಠಡಿಯಲ್ಲಿ ಕುಂಡವಿರಲಿಲ್ಲ, ಕಿಟಕಿ ತೆರೆಯುತ್ತಿರಲಿಲ್ಲ. ಗಾಜಿನ ಹೊರಗೆ ನಾಲ್ಕೂ ಕಡೆಯಿಂದ ಪ್ರಯಾಣಿಕರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಚೆಲ್ಲಲು ಜಾಗವಿಲ್ಲದೆ ಅವಳು ಕುಡಿದಳು. ಅವಳ ಮುಖ ದಿನವೂ ತಾನಾಗಿಯೇ ಹಿಂಡಿಕೊಳ್ಳುತ್ತಿತ್ತು, ಆದರೆ ಅದರಲ್ಲಿ ಕಲೆಯಿಲ್ಲವೆಂದು ಸಂಯೋಜಕರು ‘ಸಾಧಾರಣ’ ಎಂದಷ್ಟೇ ದಾಖಲಿಸುತ್ತಿದ್ದರು.

ಒಂದು ಮುಂಜಾನೆ ಅತ್ತೆ ಅವಳ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿರುವಾಗ ಅವಳಿಗೆ ಎಚ್ಚರವಾಯಿತು.

“ಏನತ್ತೆ?”

“ಏನಿಲ್ಲಮ್ಮ. ಸೀಟಿ ಕೇಳಿಸಲಿಲ್ಲ. ಇದ್ದೀಯೋ ಇಲ್ವೋ ಅಂತ ನೋಡಿದೆ.”

ನೆಗಡಕ್ಕ ಕಣ್ಣು ಬಿಟ್ಟು ನೋಡಿದಳು. ಅವಳು ಮಲಗಿದ್ದಳು. ಕಾಲು ಚಾಚಿಕೊಂಡು, ಅಂಗಾತ, ಎಲ್ಲರ ಹಾಗೆ ಮಲಗಿದ್ದಳು. ಎದೆಯೊಳಗೆ ಗಾಳಿ ಯಾರ ಅಪ್ಪಣೆಯನ್ನೂ ಕೇಳದೆ ಬಂದು ಹೋಗುತ್ತಿತ್ತು. ಅತ್ತೆಯ ಕೈಗೆ ಸೋಪಿನ ವಾಸನೆಯಿತ್ತು, ದಿಂಬಿಗೆ ಬಿಸಿಲಿನ ವಾಸನೆಯಿತ್ತು. ಇವಕ್ಕೆಲ್ಲ ವಾಸನೆ ಇರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಅವಳಿಗೆ ಅಳುವಷ್ಟು ಸಂತೋಷವಾಯಿತು, ಆದರೆ ಅತ್ತರೆ ಮತ್ತೆ ಮೂಗು ಕಟ್ಟೀತೆಂದು ಅಳಲಿಲ್ಲ. ಸೀದಾ ಎದ್ದು ಸ್ನಾನ ಮಾಡಿ, ನಿಲ್ದಾಣದ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತಿ, ಮೈಕಿನ ಮುಂದೆ ಕೂತಳು.

“ಪ್ರಯಾಣಿಕರ ಗಮನಕ್ಕೆ. ಮಾರುಕಟ್ಟೆ ಮಾರ್ಗವಾಗಿ ನದಿದಂಡೆಗೆ ಹೋಗುವ ಬಸ್ಸು ಮೂರನೇ ಅಂಕಣದಿಂದ ಹೊರಡಲಿದೆ.”

ಗಂಟೆ ಬಾರಿಸಿದಂಥ ದನಿ. ಒಬ್ಬರೂ ಅಲುಗಾಡಲಿಲ್ಲ. ನದಿದಂಡೆಗೆ ಹೋಗಬೇಕಾದವರು ಮೂರನೇ ಅಂಕಣದ ಎದುರಿಗೇ, ಬಸ್ಸಿನ ಮುಂದೆಯೇ, ಬಸ್ಸಿಗಾಗಿ ಕಾಯುತ್ತಾ ಕೂತಿದ್ದರು. ಅವಳು ಮತ್ತೆ ಹೇಳಿದಳು, ಮತ್ತೂ ಸ್ಪಷ್ಟವಾಗಿ ಹೇಳಿದಳು. ಕೆಳಗೆ ಕೂತಿದ್ದ ಒಬ್ಬ ಹಿರಿಯರು ಪಕ್ಕದವರಿಗೆ, “ಯಾವುದೋ ಸೋಪಿನ ಜಾಹೀರಾತು ಇರಬೇಕು. ಎಷ್ಟು ನುಣುಪಾಗಿ ಸುಳ್ಳು ಹೇಳ್ತಾರೆ ನೋಡಿ,” ಅಂದರು. ಚಾಲಕನೂ ಸೀಟಿನಲ್ಲಿ ಕಾಲು ಮಡಚಿಕೊಂಡು ಕೂತಿದ್ದ. ನೆಗಡಕ್ಕ ಹೇಳದೆ ತಾನು ಗಾಡಿ ತೆಗೆಯುವವನಲ್ಲ ಎಂದು ಅವನು ಖಡಾಖಂಡಿತವಾಗಿ ತಿಳಿಸಿದ.

ಮಧ್ಯಾಹ್ನದ ಹೊತ್ತಿಗೆ ನಿಲ್ದಾಣದಲ್ಲಿ ಬಸ್ಸುಗಳೂ ಜನರೂ ಒತ್ತೊತ್ತಾಗಿ, ಒಬ್ಬರನ್ನೊಬ್ಬರು ನೋಡುತ್ತಾ ನಿಂತಿದ್ದರು. ನಿಲ್ದಾಣಾಧಿಕಾರಿಗಳು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು.

“ಯಾರಮ್ಮ ನೀವು? ನಮ್ಮ ಘೋಷಕಿ ಎಲ್ಲಿ?”

“ನಾನೇ ಸರ್.”

“ನಿಮ್ಮ ದನಿಗೇನಾಯ್ತು?”

“ವಾಸಿಯಾಯ್ತು ಸರ್.”

ಅಧಿಕಾರಿಗಳು ಕುರ್ಚಿ ಎಳೆದುಕೊಂಡು ಕೂತರು. “ಯಾರನ್ನ ಕೇಳಿ ವಾಸಿ ಮಾಡ್ಕೊಂಡ್ರಿ?” ಅಂದರು. ಅವರ ದನಿಯಲ್ಲಿ ಕೋಪಕ್ಕಿಂತ ನೋವೇ ಹೆಚ್ಚಾಗಿತ್ತು.

ಸಂಜೆ ಅವಳಿಗೆ ಒಂದೇ ಲಕೋಟೆಯಲ್ಲಿ ಎರಡು ಪತ್ರಗಳು ಬಂದವು. ಸಂಚಾರ ವಿಭಾಗದ ಪತ್ರ, ಪೂರ್ವಾನುಮತಿ ಇಲ್ಲದೆ ಗುಣಮುಖರಾಗಿ ಇಲಾಖೆಯ ಪರಿಚಿತ ಧ್ವನಿಗೆ ಹಾನಿ ಉಂಟುಮಾಡಿದ್ದಕ್ಕಾಗಿ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಕೇಳಿತ್ತು. ಅಭಿಯಾನ ವಿಭಾಗದ ಪತ್ರ, ಇಡೀ ಇಲಾಖೆಯಲ್ಲಿ ಕಷಾಯದಿಂದ ಗುಣಮುಖರಾದ ಏಕೈಕ ನೌಕರರಾದ ನಿಮ್ಮನ್ನು ಸಾರ್ವಜನಿಕವಾಗಿ ಸನ್ಮಾನಿಸಲಾಗುವುದು ಎಂದು ತಿಳಿಸಿತ್ತು. ಎರಡಕ್ಕೂ ಒಬ್ಬರೇ ಅಧಿಕಾರಿಗಳು, ಒಂದೇ ಪೆನ್ನಿನಿಂದ ಸಹಿ ಹಾಕಿದ್ದರು.

ನೋಟಿಸಿಗೆ ಅವಳು ಪ್ರಾಮಾಣಿಕವಾಗಿ ಉತ್ತರ ಬರೆದಳು. ‘ಗುಣವಾಗಬೇಕೆಂಬ ದುರುದ್ದೇಶದಿಂದ ನಾನು ಕಷಾಯ ಕುಡಿದವಳಲ್ಲ. ಆದೇಶವಿದ್ದದ್ದರಿಂದ ಕುಡಿದೆ. ಅದರಲ್ಲಿ ಔಷಧ ಇರುವುದು ನನ್ನ ಗಮನಕ್ಕೆ ಬಂದಿರಲಿಲ್ಲ.’ ಉತ್ತರ ತೃಪ್ತಿಕರವಾಗಿಲ್ಲವೆಂದು ಅಧಿಕಾರಿಗಳು ಅವಳನ್ನು ತಮ್ಮ ಕೊಠಡಿಗೆ ಕರೆಸಿದರು. ಸಂಯೋಜಕರೂ ಅಲ್ಲೇ ಇದ್ದರು.

“ನೋಡಿ ಅಮ್ಮ,” ಅಂದರು ಅಧಿಕಾರಿಗಳು, “ನಾನು ನಿಮ್ಮ ಆರೋಗ್ಯದ ವಿರೋಧಿ ಅಲ್ಲ. ಆದ್ರೆ ಜನ ಬಸ್ ಹತ್ತಬೇಕಲ್ಲ. ಹದಿನೈದು ದಿನ ಟೈಮ್ ಕೊಡ್ತೀನಿ. ಅಷ್ಟರಲ್ಲಿ ಹಳೇ ನೆಗಡಿ ವಾಪಸ್ ಬಂದ್ರೆ ಸರಿ. ಇಲ್ದಿದ್ರೆ ನಿಮ್ಮನ್ನ ಲಗೇಜು ಕೊಠಡಿಗೆ ಹಾಕಬೇಕಾಗುತ್ತೆ.”

“ಅಯ್ಯೋ, ಸನ್ಮಾನ ಆಗೋವರೆಗೂ ಬರಬಾರದು ಸರ್,” ಅಂದರು ಸಂಯೋಜಕರು. “ಬ್ಯಾನರ್ ಪ್ರಿಂಟಿಗೆ ಹೋಗಿದೆ.”

“ಸನ್ಮಾನ ಆದ್ಮೇಲೆ ಬರಲಿ ಬಿಡಿ.”

“ಆದ್ಮೇಲೆ ಬಂದ್ರೆ ಅಭಿಯಾನಕ್ಕೆ ಕೆಟ್ಟ ಹೆಸರು ಸರ್.”

“ನನ್ನನ್ನೂ ಒಂದು ಮಾತು ಕೇಳಿ ಸರ್,” ಅಂದಳು ನೆಗಡಕ್ಕ. “ಎಷ್ಟೋ ವರ್ಷ ಆದ್ಮೇಲೆ ಮಲಗಿ ನಿದ್ದೆ ಮಾಡ್ತಿದೀನಿ. ಈ ಕೆಲಸಾನೂ ನಂಗೆ ಬೇಕು. ಎರಡೂ ಇಟ್ಕೊಳ್ಳೋಕೆ ಆಗಲ್ವಾ?”

ಇಬ್ಬರೂ ಅವಳನ್ನು ಕನಿಕರದಿಂದ ನೋಡಿದರು. ಇಲಾಖೆಯಲ್ಲಿ ಅಷ್ಟು ದುರಾಸೆ ಯಾರಿಗೂ ಇದ್ದದ್ದು ಅವರಿಗೆ ನೆನಪಿರಲಿಲ್ಲ.

ಅವಳಿಗೆ ನೆಗಡಿ ಬರಿಸಲು ಇಲಾಖೆ ತನ್ನಿಂದಾದ ಸಹಕಾರವನ್ನೆಲ್ಲ ನೀಡಿತು. ಲೆಕ್ಕಪತ್ರ ವಿಭಾಗದಲ್ಲಿ ಎಲ್ಲರೂ ಗಿಡಕ್ಕೇ ಕಷಾಯ ಹಾಕುತ್ತಿದ್ದುದರಿಂದ ಅಲ್ಲಿ ಒಳ್ಳೆಯ ನೆಗಡಿ ದಾಸ್ತಾನಿತ್ತು. ಅವಳ ಮೇಜನ್ನು ಬಿಡುವಿನ ವೇಳೆಗಾಗಿ ಅಲ್ಲಿಗೆ ಸ್ಥಳಾಂತರಿಸಲಾಯಿತು. ಗುಮಾಸ್ತರು ಸರದಿಯ ಮೇಲೆ ಬಂದು ಅವಳ ಎದುರು ಸೀನಿ ಹೋಗುತ್ತಿದ್ದರು. ಹಿರಿಯ ಗುಮಾಸ್ತರೊಬ್ಬರು ಮೈಯಲ್ಲಿ ಜ್ವರವಿದ್ದರೂ ರಜೆ ಹಾಕದೆ, “ನಿಮಗೋಸ್ಕರ ಬಂದೆ ಅಕ್ಕ,” ಎಂದು ಪಕ್ಕದಲ್ಲಿ ಕೂತು ಕೆಮ್ಮಿದರು. ಏನೂ ಪ್ರಯೋಜನವಾಗಲಿಲ್ಲ. ಅವಳ ರೋಗನಿರೋಧಕ ಶಕ್ತಿ ಯಾರ ಮುಖದಾಕ್ಷಿಣ್ಯಕ್ಕೂ ಬಗ್ಗಲಿಲ್ಲ. ಇದನ್ನು ‘ಅಸಹಕಾರ’ ಎಂದು ಕಡತದಲ್ಲಿ ನಮೂದಿಸಲಾಯಿತು.

ಗಡುವು ಹತ್ತಿರ ಬಂತು. ಲಗೇಜು ಕೊಠಡಿಗೆ ಕಿಟಕಿಯೂ ಇರಲಿಲ್ಲ, ಮೈಕೂ ಇರಲಿಲ್ಲ. ತನ್ನ ಒಂದು ಮಾತಿಗೆ ಇಡೀ ಊರು ಎದ್ದು ಹೊರಡುವುದನ್ನು ಗಾಜಿನೊಳಗಿಂದ ನೋಡುವ ಸುಖ ನೆಗಡಕ್ಕನಿಗೆ ಸಂಬಳಕ್ಕಿಂತ ದೊಡ್ಡದಾಗಿತ್ತು. ರಜೆಯ ದಿನ ಅವಳು ಗಟ್ಟಿ ಮನಸ್ಸು ಮಾಡಿ ಬಚ್ಚಲಿಗೆ ಹೋದಳು. ಕೊರೆಯುವ ತಣ್ಣೀರನ್ನು ಚೆಂಬಿನಲ್ಲಿ ತುಂಬಿ ತಲೆಯ ಮೇಲಕ್ಕೆ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ದಿಂಬಿನ ಬಿಸಿಲು ವಾಸನೆ ನೆನಪಾಯಿತು. ಅತ್ತೆಯ ಬೆರಳು ನೆನಪಾಯಿತು.

“ಏನಮ್ಮ, ಇಷ್ಟು ಹೊತ್ತು? ನೀರು ಕಾದಿಲ್ವಾ?” ಅತ್ತೆ ಹೊರಗಿನಿಂದ ಕೇಳಿದರು.

“ಕಾದಿದೆ ಅತ್ತೆ,” ಎಂದು ಅವಳು ಚೆಂಬನ್ನು ಕೆಳಗಿಟ್ಟು, ಆ ನೀರಿನಲ್ಲಿ ಬಟ್ಟೆ ಒಗೆದಳು.

ಒಗೆದ ಬಟ್ಟೆಯನ್ನು ಹಿಂದಿನ ಬಾಲ್ಕನಿಯಲ್ಲಿ ಒಣಹಾಕುತ್ತಿದ್ದಳು. ಗಂಡನ ಅಂಗಿ ಹಾರದಂತೆ ಹಾಕಬೇಕಾದ ಕ್ಲಿಪ್ಪನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅದನ್ನು ಮೂಗಿಗೆ ಹಾಕಿಕೊಂಡು, ತನ್ನಷ್ಟಕ್ಕೇ, ಮೆಲ್ಲಗೆ ಅಂದಳು:

“ಪ್ರಯಾಡಿಕರ ಗಬದಕ್ಕೆ.”

ಪಕ್ಕದ ಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ರಜೆಯೆಂದು ಮಲಗಿದ್ದ ನೆರೆಮನೆಯ ಮೇಷ್ಟ್ರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಬ್ಯಾಗು ಹಿಡಿದು, ದಡದಡನೆ ಮೆಟ್ಟಿಲಿಳಿದು ಹಿಂಬೀದಿಯ ತಿರುವಿನವರೆಗೆ ಓಡಿದರು. ನೆಗಡಕ್ಕ ಬಟ್ಟೆಯ ಮರೆಯಲ್ಲಿ ನಿಂತು ಅದನ್ನು ನೋಡಿದಳು.

ಮರುದಿನ ಅವಳು ಕ್ಲಿಪ್ಪನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕೆಲಸಕ್ಕೆ ಹೋದಳು. ಮೊದಲ ಘೋಷಣೆ ಮುಗಿಯುವಷ್ಟರಲ್ಲಿ ಬೆಂಚುಗಳು ಖಾಲಿಯಾದವು. ನದಿದಂಡೆಯ ಚಾಲಕ ಕಣ್ಣೊರೆಸಿಕೊಂಡು ಗಾಡಿ ತೆಗೆದ. ಸೋಪಿನ ಜಾಹೀರಾತೆಂದ ಹಿರಿಯರು ಮೇಲೆ ನೋಡಿ, “ಪಾಪ, ಹುಷಾರಾಗಿ ಬಂದಳು,” ಅಂದರು.

ಆದರೆ ಇಲಾಖೆ ಎಲ್ಲವನ್ನೂ ಕಣ್ಣುಮುಚ್ಚಿ ಒಪ್ಪುವಂಥದ್ದಲ್ಲ. ಕ್ಲಿಪ್ಪಿನ ವಿಷಯ ತಿಳಿಯುತ್ತಲೇ, ಇಲ್ಲದ ನೆಗಡಿಯನ್ನು ಇದೆಯೆಂದು ತೋರಿಸುವುದು ಸಾರ್ವಜನಿಕರ ವಂಚನೆಯಾಗುವುದಿಲ್ಲವೇ ಎಂದು ಚರ್ಚಿಸಲು ಸಭೆ ಸೇರಿತು. ಸಭೆಯಲ್ಲಿದ್ದವರೆಲ್ಲ ಆ ಬೆಳಿಗ್ಗೆಯೂ ಗಿಡದ ಮುಂದೆ ಮುಖ ಹಿಂಡಿ ಬಂದವರೇ ಆಗಿದ್ದರಿಂದ ಅವರಿಗೆ ಈ ವಿಷಯದ ಸೂಕ್ಷ್ಮ ಬೇಗ ಅರ್ಥವಾಯಿತು. ವಂಚನೆಯಲ್ಲವೆಂದು ಸರ್ವಾನುಮತದಿಂದ ತೀರ್ಮಾನಿಸಿ, ಕ್ಲಿಪ್ಪಿಗೆ ‘ನಾಸಿಕ ನಿಯಂತ್ರಕ’ ಎಂದು ಹೆಸರಿಟ್ಟು, ಕೆಳಗಿನ ಆದೇಶ ಹೊರಡಿಸಲಾಯಿತು:

‘ಘೋಷಕಿಯು ಇಲಾಖೆಯ ಯಾವುದೇ ಮೈಕಿನ ಮುಂದೆ ಮಾತನಾಡುವಾಗ ನಾಸಿಕ ನಿಯಂತ್ರಕವನ್ನು ಕಡ್ಡಾಯವಾಗಿ ಧರಿಸತಕ್ಕದ್ದು. ಸದರಿಯವರು ತಮ್ಮ ಆರೋಗ್ಯವನ್ನು ಇಟ್ಟುಕೊಳ್ಳಲು ಇಲಾಖೆಯ ಆಕ್ಷೇಪಣೆ ಇರುವುದಿಲ್ಲ. ಆದರೆ ಅದನ್ನು ಕರ್ತವ್ಯದ ವೇಳೆಯ ಹೊರಗೆ ಮಾತ್ರ ಉಪಯೋಗಿಸತಕ್ಕದ್ದು.’

ಸನ್ಮಾನ ಸಮಾರಂಭ ಸಭಾಂಗಣದಲ್ಲಿ ನಡೆಯಿತು. ‘ನೆಗಡಿಮುಕ್ತ ನಿಲ್ದಾಣದತ್ತ’ ಎಂಬ ಬ್ಯಾನರಿನ ಕೆಳಗೆ ನೆಗಡಿಯಾದ ಗಣ್ಯರು ಸಾಲಾಗಿ ಕೂತು ಮೂಗೊರೆಸಿಕೊಳ್ಳುತ್ತಿದ್ದರು. ನೆಗಡಕ್ಕನಿಗೆ ಶಾಲು ಹೊದಿಸಿ, ಎರಡು ಮಾತಾಡುವಂತೆ ಕೇಳಿಕೊಂಡರು. ಎದುರಿಗಿದ್ದದ್ದು ಇಲಾಖೆಯ ಮೈಕು. ಅವಳು ನಿಯಮ ಮೀರುವವಳಲ್ಲ. ಕರವಸ್ತ್ರ ಬಿಚ್ಚಿ, ಕ್ಲಿಪ್ಪನ್ನು ಮೂಗಿಗೆ ಸಿಕ್ಕಿಸಿಕೊಂಡು, ಸಭೆಗೆ ಕೈಮುಗಿದಳು.

“ಎಲ್ಲರಿಗೂ ದಬಸ್ಕಾರ. ಈ ಕಷಾಯದಿದ್ದ ದದ್ದ ದೆಗಡಿ ಪೂರ್ತಿ ವಾಸಿಯಾಗಿದೆ. ದಿಬಗೂ ಹೀಗೇ ಆಗಲಿ.”

ಚಪ್ಪಾಳೆ ಬಹಳ ಹೊತ್ತು ನಡೆಯಿತು. ಸಭೆ ನೋಡಲು ಬಂದಿದ್ದ ಇಬ್ಬರು ಪ್ರಯಾಣಿಕರು ಅಭ್ಯಾಸಬಲದಿಂದ ಎದ್ದು ಬಸ್ಸಿನ ಕಡೆ ಹೋದರು. ಎರಡನೇ ಬಹುಮಾನ, ಅತಿ ಹೆಚ್ಚು ಪ್ರಮಾಣದಲ್ಲಿ ಕಷಾಯ ಸೇವಿಸಿ ಉತ್ತಮ ಬೆಳವಣಿಗೆ ತೋರಿದ್ದಕ್ಕಾಗಿ, ಮೂಲೆಯ ಕುಂಡದ ಗಿಡಕ್ಕೆ ಹೋಯಿತು. ಗಿಡಕ್ಕೆ ವೇದಿಕೆಗೆ ಬರಲಾಗದ ಕಾರಣ ಸಂಯೋಜಕರು ಅದರ ಪರವಾಗಿ ಸ್ವೀಕರಿಸಿ, ಭಾವುಕರಾಗಿ ಮುಖ ಹಿಂಡಿದರು. ಅದನ್ನು ಅತ್ಯುತ್ತಮವೆಂದು ಎಲ್ಲರೂ ಒಪ್ಪಿದರು.

ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡು ನೆಗಡಕ್ಕ ಮನೆಗೆ ಬಂದಳು. ಕರ್ತವ್ಯದ ವೇಳೆ ಮುಗಿದಿತ್ತು, ಇನ್ನು ಆರೋಗ್ಯವೆಲ್ಲ ಅವಳದೇ. ಅಡುಗೆ ಮಾಡಿದಳು. ಬಾಣಲೆಯಲ್ಲಿ ಈರುಳ್ಳಿ ಕೆಂಪಗಾಗುವುದನ್ನು ಕಣ್ಣುಮುಚ್ಚಿ ಬರೀ ವಾಸನೆಯಿಂದಲೇ ಕಂಡುಹಿಡಿದಳು. ತಟ್ಟೆ ಹಾಕಿ, ತನ್ನ ಹೊಸ ದನಿಯಲ್ಲಿ ಮೊದಲ ಸಲ ಗಟ್ಟಿಯಾಗಿ ಕರೆದಳು.

“ರೀ, ಊಟಕ್ಕೆ ಬನ್ನಿ. ಅತ್ತೆ, ನೀವೂ ಬನ್ನಿ.”

ಯಾರೂ ಬರಲಿಲ್ಲ. ಒಳಕೋಣೆಯಿಂದ ಅತ್ತೆಯ ದನಿ ಕೇಳಿಸಿತು. “ಲೋ, ಹೊರಗೆ ಯಾರೋ ಹೆಂಗಸು ಬಂದಿದ್ದಾರೆ ನೋಡೋ. ಯಾರನ್ನೋ ಊಟಕ್ಕೆ ಕರೀತಿದ್ದಾರೆ.” ಗಂಡ ಹೋಗಿ ಬೀದಿ ಬಾಗಿಲು ತೆಗೆದು, ಅತ್ತಿತ್ತ ನೋಡಿ, “ಯಾರೂ ಇಲ್ಲಮ್ಮ,” ಎಂದು ಬಾಗಿಲು ಹಾಕಿದ. ಅವಳು ಮತ್ತೊಮ್ಮೆ ಕರೆದಳು. ಅವನು ಮತ್ತೊಮ್ಮೆ ಬಾಗಿಲು ತೆಗೆದ. ಮೂರನೇ ಸಲ ಅವನಿಗೆ ಅರ್ಥವಾಯಿತು. ಅಡುಗೆಮನೆಗೆ ಬಂದು ನಾಚಿಕೆಯಿಂದ ತಲೆ ಕೆರೆದುಕೊಂಡ.

“ತಪ್ಪು ತಿಳ್ಕೋಬೇಡ ಕಣೆ. ಇಷ್ಟು ವರ್ಷದ ಅಭ್ಯಾಸ,” ಎಂದು ಹಿಂದಿನ ಬಾಲ್ಕನಿಗೆ ಹೋಗಿ, ತನ್ನ ಅಂಗಿಯಿಂದ ಒಂದು ಕ್ಲಿಪ್ಪು ಬಿಚ್ಚಿ ತಂದು ಉಪ್ಪಿನ ಡಬ್ಬಿಯ ಪಕ್ಕ ಇಟ್ಟ. “ಆಫೀಸಿಂದು ಆಫೀಸಲ್ಲೇ ಇರ್ಲಿ. ಮನೆಗೆ ಇದೊಂದು ಬೇರೆ.” ಆಮೇಲೆ ಕರೆಯುವವರೆಗೆ ಕಾಯಲೆಂದು ಒಳಕೋಣೆಗೆ ವಾಪಸು ಹೋದ.

ನೆಗಡಕ್ಕ ಪಾತ್ರೆಯ ಮುಚ್ಚಳ ತೆಗೆದು, ಬಗ್ಗಿ, ಎದೆ ತುಂಬುವಷ್ಟು ಒಂದು ಉಸಿರು ಎಳೆದುಕೊಂಡಳು. ಇನ್ನೊಂದು ಎಳೆದುಕೊಂಡಳು. ನಂತರ ಕ್ಲಿಪ್ಪನ್ನು ಮೂಗಿಗೆ ಹಾಕಿಕೊಂಡಳು.

“ಊಟಕ್ಕೆ ಬದ್ದಿ.”

ಗಂಡ ಬಂದ, ಅತ್ತೆ ಬಂದರು. ಪಕ್ಕದ ಮನೆಯ ಮೇಷ್ಟ್ರೂ ಬ್ಯಾಗು ಹಿಡಿದುಕೊಂಡು ಬಂದರು. ಅವರಿಗೂ ಒಂದು ತಟ್ಟೆ ಹಾಕಲಾಯಿತು.